ಮಲ್ಲಪ್ಪನ ಬ್ರಷ್ಷು

ಇವತ್ತು ಖಂಡೇನವಮಿ. ಆಯುಧಪೂಜೆಗೆಂದು ಹೆಂಡತಿ ಈಳಿಗೆ, ಸುತ್ತಿಗೆ, ಸ್ಕೂಟರಿನ ಕೀಲಿಕೈ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಾಳೆ. ಅವುಗಳ ನಡುವೆ ಹಲ್ಲುಜ್ಜುವ ಒಂದು ಸವೆದ ಬ್ರಷ್ಷೂ ಇದೆ. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ. ನಗಬೇಡಿ, ಅದು ಮಲ್ಲಪ್ಪನದು.

ಮಲ್ಲಪ್ಪ ನಮ್ಮ ವಿಜಯಪುರದ ಕಡೆಯವನು. ದೂರದ ದಿವಾದಿಂದ ದಿನಾ ರೈಲಿನಲ್ಲಿ ಬಂದು ನಾವಿರುವ ನೆರೂಳದ ವಸತಿ ಸೊಸೈಟಿಗಳಲ್ಲಿ ಮರದ ಕೊಂಬೆ ಕಡಿಯುತ್ತಿದ್ದ. ಪೆಟ್ರೋಲಿನ ಗರಗಸವನ್ನು ಲೋಕಲ್ ರೈಲಿನಲ್ಲಿ ಒಯ್ಯುವಂತಿಲ್ಲವೆಂದು ನಮ್ಮ ಮನೆಯ ಗ್ಯಾಲರಿಯಲ್ಲಿ ಇಟ್ಟು ಹೋಗುತ್ತಿದ್ದ. ಇಡುವ ಮುಂಚೆ ಪ್ರತಿ ಸಂಜೆ ಅದನ್ನು ಬಿಚ್ಚಿ, ಸರಪಳಿ ತೆಗೆದು, ಸಂದಿಯ ಹೊಟ್ಟನ್ನೆಲ್ಲ ಈ ಬ್ರಷ್ಷಿನಿಂದ ಕೆರೆದು, ಒಂದೊಂದು ಹಲ್ಲಿಗೂ ಮೂರೇ ಸಲ ಅರ ಎಳೆಯುತ್ತಿದ್ದ. ನನ್ನ ಹಲ್ಲುಗಳಿಗೆ ನಾನೇ ಅಷ್ಟು ಆರೈಕೆ ಮಾಡಿದವನಲ್ಲ.

ಒಂದು ಖಂಡೇನವಮಿಗೆ ಅವನು ರಜೆ ಹಾಕಿದ. ನನಗೆ ಭಕ್ತಿ ಉಕ್ಕಿತು. ಗರಗಸಕ್ಕೆ ಚೆಂಡುಹೂವಿನ ಸರ ಬಿಗಿಯಾಗಿ ಸುತ್ತಿ, ಮುಚ್ಚಳ ತೆಗೆದು ಒಳಗೂ ಕುಂಕುಮ ಎರಚಿದೆ. ದೇವರು ಒಳಗೇ ಇರುತ್ತಾನಲ್ಲ! ಸಂಜೆ ಸರವನ್ನು ಕಿತ್ತೆಸೆದು ಮಲಗಿದೆ.

ಮರುದಿನ ಬೆಳಿಗ್ಗೆ ಗಾಳಿಮಳೆಗೆ ಗುಲ್‌ಮೊಹರ್ ಮರ ವಾಚ್‌ಮನ್ ಕೋಣೆಯ ಮೇಲೆ ಉರುಳಿತು. ಒಳಗೆ ವಾಚ್‌ಮನ್ ರಾಮಧನಿ ಸಿಕ್ಕಿಕೊಂಡಿದ್ದ.

"ಸಾಬ್, ದಮ್ ಘುಟ್ ರಹಾ ಹೈ," ಎಂದು ಉಸಿರುಗಟ್ಟಿದ ಅವನ ಸಣ್ಣ ದನಿ ತಗಡಿನ ಕೆಳಗಿನಿಂದ ಕೇಳುತ್ತಿತ್ತು.

ಆಗಷ್ಟೇ ಬಂದಿದ್ದ ಮಲ್ಲಪ್ಪ ನಮ್ಮ ಗ್ಯಾಲರಿಯಿಂದ ಗರಗಸ ತಂದು, ಚಾಲೂ ಮಾಡಲು ಅದರ ಹಗ್ಗ ಎಳೆದ. ಗರಗಸ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾನು ಕಿತ್ತಾಗ ಉಳಿದ ಹೂವಿನ ದಾರ ಸರಪಳಿಯ ಗಾಲಿಗೆ ಸುತ್ತಿಕೊಂಡಿತ್ತು. ಗಾಳಿ ಸೋಸುವ ಜಾಲರಿಯ ತುಂಬ ನನ್ನ ಕುಂಕುಮ.

"ಜಲ್ದಿ ಮಾಡೋ ಮಲ್ಲಪ್ಪ!" ಎಂದೆ.

"ಗಡಬಡ ಮಾಡಿದ್ರ ಇದು ಕೇಳೂದಿಲ್ರೀ ಸಾಹೇಬ್ರ," ಎಂದವನು ಕೆಸರಿನಲ್ಲೇ ಕೂತ. ದಿನದಂತೆಯೇ ಬಿಚ್ಚಿದ, ದಿನದಂತೆಯೇ ಕೆರೆದ. ದಾರವನ್ನು ಎಳೆ ಎಳೆಯಾಗಿ ಬಿಡಿಸಿ, ಜಾಲರಿಯನ್ನು ಬ್ರಷ್ಷಿನಿಂದ ಉಜ್ಜಿ, ಒಂದು ತಿರುಪನ್ನೂ ಮರೆಯದೆ ಬಿಗಿದ. ಆ ಕೈ ಒಮ್ಮೆಯೂ ನಡುಗಲಿಲ್ಲ. ಅಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ. ಹಗ್ಗ ಎಳೆದೊಡನೆ ಗರಗಸ ಅಬ್ಬರಿಸಿತು. ಸ್ವಲ್ಪ ಹೊತ್ತಿನಲ್ಲಿ ರಾಮಧನಿಯನ್ನು ಜೀವಸಹಿತ ಹೊರಗೆಳೆದೆವು.

ಸಂಜೆ ನಾನು ತಪ್ಪೊಪ್ಪಿಕೊಂಡೆ. ಮಲ್ಲಪ್ಪ ಹಲ್ಲಿಗೆ ಅರ ಎಳೆಯುತ್ತಲೇ ನಕ್ಕ.

"ನೀವು ವರ್ಷಕ್ಕೊಮ್ಮೆ ಪೂಜಾ ಮಾಡ್ತೀರಿ. ನಂದು ದಿನಾ ಇರ್ತೈತ್ರಿ."

ಅವನು ಕೆಲಸ ಬಿಟ್ಟು ಊರಿಗೆ ಮರಳುವಾಗ ನಾನು ಕೇಳಿ ಪಡೆದ ಬ್ರಷ್ಷು ಇದು. ಈಗ ದಿನಾ ಅಲ್ಲದಿದ್ದರೂ ವಾರಕ್ಕೊಮ್ಮೆ ನನ್ನ ಸ್ಕೂಟರಿನ ಸಂದಿಗೊಂದಿ ತಿಕ್ಕುತ್ತೇನೆ. ಇವತ್ತೂ ಕೆಳಗೆ ತಿಕ್ಕಿ ಬಂದು ಬ್ರಷ್ಷನ್ನು ಸಾಲಿನಲ್ಲಿಟ್ಟ ಮೇಲೆ ರಾಮಧನಿ ಕುಂಟುತ್ತ ಮನೆಗೆ ಬಂದ. ಹೆಂಡತಿ ಕುಂಕುಮದ ಬಟ್ಟಲು ಮುಂದೆ ಹಿಡಿದಳು.

"ಪಹಲೇ ಇಸ್ಕೋ," ಎಂದು ಅವನು ತನ್ನ ಹಣೆಗಿಂತ ಮೊದಲು ಬ್ರಷ್ಷಿಗೆ ಒಂದೇ ಬೊಟ್ಟು ಇಟ್ಟು, ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ.