ಅರ್ಧ ತಾಸಿನ ಹಾದಿ

ವಿಮಾನವೆಂದರೆ ಖಾತುನಳಿಗೆ ಮೊದಲಿನಿಂದಲೂ ಹೇಸಿಗೆ. ಗೋವಾದ ಝುವಾರಿನಗರದ ತಗಡಿನ ಮನೆಯಿಂದ ದಿನಾ ವಿಮಾನ ನಿಲ್ದಾಣಕ್ಕೆ ನಡೆದು ಹೋಗಿ, ಬಂದು ನಿಂತ ವಿಮಾನಗಳ ಒಳಗೆ ಕಸ ಬಳಿಯುವುದು ಅವಳ ಕೆಲಸ. ಸೀಟಿನ ಜೇಬಿನಲ್ಲಿ ತುರುಕಿದ ಮಕ್ಕಳ ಡೈಪರು, ಅರ್ಧ ಕಚ್ಚಿದ ಸಮೋಸಾ, ವಾಂತಿ ತುಂಬಿದ ಚೀಲ. ಅತ್ತರು ಪೂಸಿಕೊಂಡು ಬರುವ ದೊಡ್ಡ ಮಂದಿ ಕಕ್ಕಸಿನಲ್ಲಿ ಮಾಡಿಟ್ಟು ಹೋಗುವುದನ್ನು ಕಂಡರೆ ದನಗಳೇ ಎಷ್ಟೋ ಚಲೋ. "ಥೂ, ಇವಕ್ಕ ಹೆತ್ತವ್ರು ಏನೂ ಕಲಿಸಿಲ್ಲೇನು!" ಎಂದು ಬಯ್ಯುತ್ತಲೇ ಅವಳು ಹನ್ನೆರಡು ವರ್ಷ ಬಳಿದಿದ್ದಳು.

ಆ ದಿನ ಬೆಳಿಗ್ಗೆ ಸವಣೂರ ಹತ್ತಿರದ ಊರಿನಿಂದ ಅಣ್ಣ ಮಲಿಕಸಾಬ ಫೋನು ಮಾಡಿದ. ಅಮ್ಮ ತೀರಿಕೊಂಡಿದ್ದಳು. ಬೇಸಿಗೆ, ಮಯ್ಯತ್ತನ್ನು ಬಹಳ ಹೊತ್ತು ಇಡುವಂತಿಲ್ಲ, ಮಧ್ಯಾಹ್ನದ ನಮಾಜಿಗೇ ಮಣ್ಣು. ಬಸ್ಸು ಹಿಡಿದರೆ ಘಟ್ಟ ಹತ್ತಿ ಊರು ಮುಟ್ಟುವುದು ಸಂಜೆಗೆ.

ಮೈದುನ ಶಾನವಾಜ ಮೊಬೈಲು ರಿಪೇರಿ ಮಾಡುವವನು. ಬೆರಳಾಡಿಸಿ ಪರದೆ ತೋರಿಸಿದ. "ಅಳಬ್ಯಾಡ್ರಿ ಭಾಬಿ. ಇಲ್ಲಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕ ನೂರಾ ಚಿಲ್ಲರೆ ಕಿಲೋಮೀಟರ್. ಹಾರಿದ್ರ ಅರ್ಧಾ ತಾಸು. ಇಲ್ಲೇ ಬರದೈತಿ ನೋಡ್ರಿ."

ಖಾತುನ ತಿರುಗಿ ಅಣ್ಣನಿಗೆ ಫೋನು ಹಚ್ಚಿದಳು. "ಭಾಯಿ, ನಾ ವಿಮಾನದಾಗ ಬರಾಕತ್ತೇನಿ. ಅಮ್ಮಾನ ಮಾರಿ ನೋಡೂತನಕ ಎತ್ತಬ್ಯಾಡ್ರಿ." ಮಲಿಕಸಾಬ ಬರ್ಫದ ಗಡ್ಡೆ ತರಿಸಿ ಮಯ್ಯತ್ತಿನ ಸುತ್ತ ಇಡಿಸಿ, ಹಿರಿಯರ ಕಾಲು ಹಿಡಿದು, ಜನಾಜಾವನ್ನು ಮುಂದಿನ ನಮಾಜಿಗೆ ದೂಡಿದ.

ವಿಮಾನ ನಿಲ್ದಾಣದ ಟಿಕೀಟಿನ ಕೌಂಟರಿನ ಹುಡುಗಿ ತಲೆಯಾಡಿಸಿದಳು. ಹುಬ್ಬಳ್ಳಿಗೆ ನೇರ ವಿಮಾನವೇ ಇಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ಕಾದು, ಬೇರೆಯದು ಹತ್ತಿದರೆ ರಾತ್ರಿಗೆ ಮುಟ್ಟಬಹುದು. ಫೋನು ಎರಡು ಊರಿನ ನಡುವೆ ಗೆರೆ ಎಳೆದು, ವಿಮಾನ ಇದ್ದಿದ್ದರೆ ಇಷ್ಟು ಹೊತ್ತು ಎಂದು ಲೆಕ್ಕ ಹಾಕಿತ್ತಂತೆ. ಆಹಾ, ಏನು ಲೆಕ್ಕವೋ! ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು.

"ನಿನ್ನ ಶಾಣ್ಯಾತನಕ್ಕ ಬೆಂಕಿ ಹಚ್ಚಲಿ! ವಿಮಾನ ಐತೋ ಇಲ್ಲೋ ನೋಡಬಾರ್ದೇನೋ?" ಎಂದು ಜೊತೆಗೆ ಬಂದಿದ್ದ ಮೈದುನನಿಗೆ ಉಗಿದಳು. ಆಮೇಲೆ ತನ್ನ ಮೇಲೆಯೇ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು. ಇಷ್ಟು ವರ್ಷ ವಿಮಾನದ ಹೊಟ್ಟೆಯೊಳಗೇ ಓಡಾಡಿದವಳು, ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ವಿಮಾನ ಇಲ್ಲವೆಂದು ಅಣ್ಣನಿಗೆ ಹೇಳಲು ನಾಚಿ, ಸಿಕ್ಕ ಬಸ್ಸು ಹತ್ತಿದಳು. ಘಟ್ಟದಲ್ಲಿ ಅದಿರಿನ ಲಾರಿಯೊಂದು ಅಡ್ಡ ಬಿದ್ದು, ಹಿಂದೆ ಮುಂದೆ ಗಾಡಿಗಳ ಸಾಲು. ಅಣ್ಣನ ಫೋನು ಬಂತು.

"ಇಳದೇನವಾ? ಬರ್ಫೆಲ್ಲಾ ಕರಗೇತಿ. ಮಂದಿ..." ಮಲಿಕಸಾಬನ ದನಿ ಇಳಿಯಿತು. "ಮಂದಿ ಮೂಗು ಮುಚ್ಚಾಕತ್ತಾರ, ಖಾತುನ."

ಅವನ ಹಿಂದೆ ಯಾರೋ, "ವಿಮಾನದಾಕಿ ಇನ್ನೂ ಬರವಲ್ಲಳೇನು?" ಎಂದರು. ಯಾರೋ ನಕ್ಕರು.

 ಊರಿಗೆಲ್ಲ ಬಾಣಂತನ ಮಾಡಿದ ಅಮ್ಮ, ದಿನಕ್ಕೆರಡು ಸಲ ಅಂಗಳ ಸಾರಿಸುತ್ತಿದ್ದ ಅಮ್ಮ. ಅವಳ ಮುಂದೆ ಮಂದಿ ಮೂಗು ಮುಚ್ಚುವ ಹಾಗೆ ಮಾಡಿದವಳು ತಾನು.

"ವಿಮಾನ ಇಲ್ಲ ಭಾಯಿ. ಸುಳ್ಳದು. ನಾ ಇನ್ನೂ ಘಾಟನ್ಯಾಗ ಅದೀನಿ," ಎಂದಳು. "ಎತ್ರಿ ಅಮ್ಮಾನ್ನ."

ಮಲಿಕಸಾಬ ಫೋನು ಇಡಲಿಲ್ಲ, ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡಿರಬೇಕು. ಗಂಡಸರು ಒಟ್ಟಾಗಿ ಕಲ್ಮಾ ಹೇಳುತ್ತ ಜನಾಜಾ ಹೊತ್ತು ಎದ್ದದ್ದು, ಮನೆಯ ಹೆಂಗಸರ ಅಳು ಹಿಂದೆ ಉಳಿದದ್ದು, ಆಮೇಲೆ ಬರೀ ಕಾಲಿನ ಸಪ್ಪಳ, ಎಲ್ಲ ಕೇಳಿಸಿತು. ನಿಂತ ಬಸ್ಸಿನಲ್ಲಿ ಖಾತುನ ಫೋನನ್ನು ಕಿವಿಗೆ ಒತ್ತಿ ಹಿಡಿದು, ಮಣ್ಣು ಬೀಳುವತನಕ ಅಮ್ಮನ ಹಿಂದೆ ನಡೆದಳು.