ಒಂದು ಗುಡುಗಿನ ಮರ್ಯಾದೆ

ಒಣಹಾಕಿದ ಬಟ್ಟೆಯನ್ನು ಯಾವಾಗ ತೆಗೆಯಬೇಕೆಂಬ ವಿಷಯದಲ್ಲಿ ಮನುಷ್ಯರಲ್ಲಿ ಎರಡು ಪಂಗಡಗಳಿವೆ. ಮೊದಲ ಹನಿ ಮೂಗಿನ ಮೇಲೆ ಬೀಳುವವರೆಗೂ ಆಕಾಶದ ಸಜ್ಜನಿಕೆಯಲ್ಲಿ ವಿಶ್ವಾಸವಿಟ್ಟು ಕುಳಿತು, ಬಿದ್ದ ಮೇಲೆ ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುವವರದು ಒಂದು. ಎಲ್ಲೋ ದೂರದಲ್ಲಿ ಮೋಡವೊಂದು ಗಂಟಲು ಸರಿಮಾಡಿಕೊಂಡರೂ ಸಾಕು, ಹಸಿಬಟ್ಟೆಯನ್ನೇ ಬಾಚಿಕೊಂಡು ಕೆಳಗಿಳಿಯುವವರದು ಇನ್ನೊಂದು. ನಾನು ಮೊದಲನೆಯದರ ಆಜೀವ ಸದಸ್ಯನಾಗಿದ್ದವನು. ಎರಡನೆಯದರ ಅಧ್ಯಕ್ಷಗಿರಿ ಬಹುಕಾಲದಿಂದ ನನ್ನ ಅಕ್ಕನದು, ಅದೂ ಅವಿರೋಧವಾಗಿ.

ಅಕ್ಕ ಧಾರವಾಡದಿಂದ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದವಳು. ಅವಳ ಮಹಡಿಯಿಂದ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ. ಉಳಿದವರು ಅತ್ತ ತಿರುಗಿ ಅಮ್ಮನವರಿಗೆ ಕೈಮುಗಿದು ಕೆಳಗಿಳಿದರೆ, ಇವಳು ಕೈಮುಗಿದ ಮೇಲೂ ಅರೆಗಳಿಗೆ ನಿಂತು, ಬೆಟ್ಟದ ಹಿಂದೆ ಮೋಡವೇನಾದರೂ ಹೊಂಚುಹಾಕಿದೆಯೇ ಎಂದು ವಿಚಾರಿಸಿಕೊಂಡು ಬರುತ್ತಾಳೆ. ಬ್ಯಾಂಕಿನ ವರ್ಗಾವಣೆಯ ಕೃಪೆಯಿಂದ ನಾನು ಮೊದಲು ಅವಳ ಊರಿಗೂ ಆಮೇಲೆ ವಿಶಾಖಪಟ್ಟಣಕ್ಕೂ ಬಂದವನು. ಅವಳ ಮಗಳ ಮಗಳು ಲಾಸ್ಯ ತೆಲುಗಿನಲ್ಲೇ ಬೆಳೆದು, ತೆಲುಗಿನಲ್ಲೇ ಜಗಳವಾಡಿ, ತೆಲುಗಿನಲ್ಲೇ ಕನಸು ಕಾಣುವ ಹುಡುಗಿ. ಕನ್ನಡವೇನಿದ್ದರೂ ಅಜ್ಜಿಯೊಬ್ಬಳ ಜತೆಗೆ. ಅವರಿಬ್ಬರ ನಡುವೆ ಮಾತು ನಿಂತರೆ ಆ ಮನೆಯಲ್ಲಿ ಕನ್ನಡವೇ ನಿಂತಂತೆ; ಇದು ಅಕ್ಕನಿಗೂ ಗೊತ್ತು.

ಈ ಬೇಸಿಗೆ ರಜೆಯಲ್ಲಿ ಇಬ್ಬರೂ ನನ್ನಲ್ಲಿಗೆ ಬಂದರು. ಬೆಟ್ಟದ ಮೇಲಿನ ಕೆರೆಯಲ್ಲಿ ದೋಣಿ ಹತ್ತಿಸುವುದಾಗಿ ಅಕ್ಕ ಮೊಮ್ಮಗಳಿಗೆ ಮಾತು ಕೊಟ್ಟಿದ್ದಳು. ಬೆಳಗಾಗುವ ಮೊದಲೇ ಹೊರಡಬೇಕೆಂಬುದು ಅವಳ ಹಟ. ಆದರೆ ನಮ್ಮಂಥ ಬ್ಯಾಂಕಿನವರಿಗೊಂದು ಭ್ರಮೆಯಿದೆ: ರಜೆ ಮಂಜೂರಾಯಿತೆಂದರೆ ಹವೆಯೂ ಮಂಜೂರಾಯಿತೆಂದು ತಿಳಿಯುತ್ತೇವೆ. ನಾನು ದಾರಿಯಲ್ಲಿ ಒಂದು ಪೆಸರಟ್ಟು ದೋಸೆಯ ಮುಂದೆ ಕುಳಿತವನು ಇನ್ನೊಂದು ಪೆಸರಟ್ಟು ಮುಗಿಸಿಯೇ ಎದ್ದೆ. ಘಾಟಿ ಹತ್ತಿ ಕೆರೆ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು.

ಸಮುದ್ರದೂರಿನವರಿಗೆ ಆಕಾಶವೆಂದರೆ ಹಾಸಿಟ್ಟ ಚಾಪೆ. ಮಳೆ ಬರುವುದಿದ್ದರೆ ದಿಗಂತದಿಂದಲೇ ಹೇಳಿಕಳಿಸಿ ಬರುತ್ತದೆ. ಬೆಟ್ಟದ ಕೆರೆಗೆ ಆ ಸೌಕರ್ಯವಿಲ್ಲ. ಸುತ್ತಲಿನ ಗುಡ್ಡಗಳು ಅದಕ್ಕೆ ಮೊರದಗಲ ಆಕಾಶವನ್ನಷ್ಟೇ ಉಳಿಸಿರುತ್ತವೆ. ಮೋಡವು ಗುಡ್ಡದ ಬೆನ್ನಹಿಂದೆಯೇ ಬೆಳೆದು, ನಮಗೆ ಮುಖದರ್ಶನವಾಗುವ ಹೊತ್ತಿಗೆ ಗಾಳಿ ಇಳಿಜಾರಿನಲ್ಲಿ ಉರುಳಿ ನೀರಿಗಿಳಿದಿರುತ್ತದೆ. ಬೆಳಿಗ್ಗೆ ಪ್ರಶಾಂತವಾಗಿದ್ದ ನೀರು ಬೇಸಿಗೆಯ ಮಧ್ಯಾಹ್ನ ಯಾವಾಗ ಮುನಿದೀತೆಂದು ಹೇಳಲಾಗದು. ಮೇಲಾಗಿ, ನೀರಿನ ಬಯಲಿನಲ್ಲಿ ಸಿಡಿಲಿಗೆ ಎದ್ದುಕಾಣುವುದು ದೋಣಿಯಲ್ಲಿ ಕುಳಿತವರ ತಲೆಯೇ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಹತ್ತಿದ ದೋಣಿಯಿಂದ ಇಳಿಯುವುದಕ್ಕೂ ನಡುವೆ ಬಹಳ ದೂರವಿದೆ, ಸ್ವಾಮಿ.

ಲೈಫ್ ಜಾಕೆಟ್ಟುಗಳ ಪಟ್ಟಿಯನ್ನು ಅಕ್ಕ ತಾನೇ ಎಳೆದೆಳೆದು ಬಿಗಿದು, ನಾವು ದೋಣಿಯಲ್ಲಿ ಕುಳಿತಾಗಿತ್ತು. ಆಗ ಗುಡ್ಡದಾಚೆ ಒಂದು ಸಲ ಗುಡುಗಿತು. ಗುಡುಗಿತೆಂದರೆ ಹೆಚ್ಚಾದೀತು, ಪಕ್ಕದ ಮನೆಯಲ್ಲಿ ಯಾರೋ ಮಂಚ ಸರಿಸಿದಷ್ಟು ಸದ್ದು.

“ಇಳೀರಿ ಎಲ್ಲಾರೂ,” ಎಂದಳು ಅಕ್ಕ.

“ಏಂ ಕಾದಮ್ಮಾ,” ಎಂದು ದೋಣಿಯವನು, ಏನೂ ಆಗುವುದಿಲ್ಲವೆಂದು ಅಭಯವಿತ್ತ. ನಾನೂ ನನ್ನ ಪಾಂಡಿತ್ಯವನ್ನೆಲ್ಲ ಅವನ ಪರವಾಗಿ ಜಮಾ ಮಾಡಿದೆ. ಅಷ್ಟರಲ್ಲಿ ಅಕ್ಕ ಲಾಸ್ಯಳ ಕೈಹಿಡಿದು ದಡದಲ್ಲಿ ನಿಂತಿದ್ದಳು.

ನೀವೀಗ ಬಿರುಗಾಳಿಯನ್ನು ನಿರೀಕ್ಷಿಸುತ್ತಿದ್ದೀರಿ. ನಾನೂ ನಿರೀಕ್ಷಿಸಿದೆ, ಅಕ್ಕನ ಮಾನ ಉಳಿಯುವಷ್ಟಾದರೂ ಬೀಸಪ್ಪಾ ಎಂದು ವಾಯುದೇವನಲ್ಲಿ ಬೇಡಿಕೊಂಡೆ. ಬೀಸಲಿಲ್ಲ, ಬಿಸಿಲು ಬಂತು. ನಮ್ಮ ಜಾಗದಲ್ಲಿ ಹತ್ತಿದ ಇನ್ನೊಂದು ಕುಟುಂಬ ನಗುನಗುತ್ತ ಸುತ್ತಿಬಂದು ನಮಗೇ ಕೈಬೀಸಿತು. ಗುಡುಗು ನಿಂತು ಅರ್ಧ ತಾಸಾಗದೆ ನೀರಿಗಿಳಿಯಕೂಡದೆಂಬುದು ಅಕ್ಕನ ಶಾಸನ. ಅರ್ಧ ತಾಸು ತುಂಬುವ ಮೊದಲೇ ಆಚೆ ಮತ್ತೆ ಯಾರೋ ಮಂಚ ಸರಿಸುತ್ತಿದ್ದರು. ಹಾಗೆಯೇ ಸಂಜೆಯಾಗಿ ದೋಣಿಗಳನ್ನು ಕಟ್ಟಿಹಾಕಿದರು. ಲಾಸ್ಯ ಅತ್ತು ಅತ್ತು, ಇನ್ನು ಅಮ್ಮಮ್ಮನ ಜತೆ ಮಾತೇ ಆಡುವುದಿಲ್ಲವೆಂದು ನನಗೆ ತೆಲುಗಿನಲ್ಲಿ ಸಾರಿದಳು. ಮಾತಿಗೆ ತಪ್ಪಲಿಲ್ಲ. ಊಟಕ್ಕೆ ಕರೆದರೂ ಉತ್ತರ ನನ್ನ ಕಡೆಗೆ, ತೆಲುಗಿನಲ್ಲೇ.

ನಾವು ಅಲ್ಲೇ ಒಂದು ಕೋಣೆ ಹಿಡಿದು ಉಳಿದೆವು. ಮೊಮ್ಮಗಳ ಫ್ರಾಕನ್ನು ಮಡಿಸುತ್ತಿದ್ದ ಅಕ್ಕನನ್ನು, ಇಷ್ಟೆಲ್ಲ ಆದಮೇಲೆ ಇಳಿದದ್ದು ತಪ್ಪಾಯಿತೆಂದು ಅನ್ನಿಸಲಿಲ್ಲವೇ ಎಂದು ಕೇಳಿದೆ.

“ಬಟ್ಟಿ ತಗದ ಮ್ಯಾಲೆ ಮಳಿ ಬರಲಿಲ್ಲಂದ್ರ ಮತ್ತ ಒಣಾ ಹಾಕೂದು. ಅದರಾಗೇನದ?” ಎಂದಳು. ಫ್ರಾಕಿನ ತೋಳುಗಳನ್ನು ಒಳಗೆ ಮಡಿಸಿ, “ಆಕಿ ಮಾತಾಡದಿದ್ರ ಅಡ್ಡಿಯಿಲ್ಲೋ. ಮಾತಾಡ್ಲಿಕ್ಕೆ ಆಕಿ ಇರಬೇಕಲ್ಲ,” ಎಂದಳು. ಮಡಿಸಿದ ಫ್ರಾಕನ್ನೇ ಬಿಡಿಸಿ ಮತ್ತೊಮ್ಮೆ ಮಡಿಸಿದಳು.

ಅಂದು ನನಗೆ ಅಕ್ಕನ ಮೇಲೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ಬಿರುಗಾಳಿಯನ್ನು ಗೆದ್ದುಬಂದವರಿಗೆ ಬಿರುಗಾಳಿಯೇ ಸಾಕ್ಷಿ ಹೇಳುತ್ತದೆ. ಬಾರದ ಬಿರುಗಾಳಿಗೆ ಹೆದರಿ ಇಳಿದವರ ಪಾಲಿಗೆ ಉಳಿಯುವುದು ಬಿಸಿಲು, ಪರರ ನಗೆ, ಮಗುವಿನ ಮುನಿಸು. ಅಷ್ಟನ್ನೂ ತಲೆಯ ಮೇಲೆ ಹೊತ್ತು, ನಾಳೆ ಇನ್ನೊಂದು ಗುಡುಗು ಕೇಳಿದರೆ ಹಾಗೆಯೇ ಇಳಿಯಲು ಸಿದ್ಧವಾಗಿರುವುದಕ್ಕೆ ಧೈರ್ಯವೆಂಬ ಹೆಸರನ್ನು ನಾವು ಯಾಕೋ ಕೊಟ್ಟಿಲ್ಲ. ನಾನು ಕೊಡುತ್ತೇನೆ.

ಮರುದಿನ ಅಕ್ಕ ಎಲ್ಲರನ್ನೂ ಎಬ್ಬಿಸಿ, ಸೂರ್ಯನಿಗಿಂತ ಮುಂಚೆ ಕೆರೆಯ ದಡದಲ್ಲಿ ನಿಲ್ಲಿಸಿದಳು. ನೀರು ಅಲುಗದೆ ಮಲಗಿತ್ತು. ಮತ್ತೆ ಪಟ್ಟಿ ಬಿಗಿಯುವ ಉತ್ಸವ ಮುಗಿದು ದೋಣಿ ಹೊರಟಿತು. ಲಾಸ್ಯ ಮುಖ ತಿರುಗಿಸಿಯೇ ಕುಳಿತಿದ್ದಳು. ದೋಣಿ ಕೆರೆಯ ನಡುವಿಗೆ ಬಂದಾಗ ಗುಡ್ಡದ ನೆತ್ತಿಯ ಮೇಲೆ ಹತ್ತಿಯ ಉಂಡೆಯಷ್ಟು ಮೋಡ ಕಾಣಿಸಿತು. ಅದನ್ನು ಮೊದಲು ಕಂಡವಳು ಲಾಸ್ಯ. ಅಜ್ಜಿಯ ಸೆರಗು ಜಗ್ಗಿದಳು.

“ಅಮ್ಮಮ್ಮಾ, ಅಲ್ಲಿ ಮೋಡ ಅದ. ಹೊಳ್ಳಿ ಹೋಗೂಣೇನು?”

ಧಾರವಾಡದ ಅಚ್ಚ ಕನ್ನಡ. ಅಕ್ಕ ಮೋಡವನ್ನು ನೋಡಿದಳು, ಮೊಮ್ಮಗಳನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು.

“ಸಣ್ಣದದ ತಗೊ,” ಎಂದಳು, ಮೂಗೊರೆಸಿಕೊಳ್ಳುತ್ತ. “ಇನ್ನೊಂದು ಸುತ್ತು ಹೋಗಿ ಬರೂಣು.”

ಈಗ ವಿಶಾಖಪಟ್ಟಣದ ನಮ್ಮ ಮಹಡಿಯಲ್ಲಿ ನಾನು ಪಂಗಡ ಬದಲಿಸಿದ್ದೇನೆ. ಸಮುದ್ರದ ಮೇಲೆ ಒಂದು ಗುಡುಗು ಕೇಳಿದರೆ ಸಾಕು, ಬಟ್ಟೆ ಬಾಚಿಕೊಂಡು ಇಳಿಯುತ್ತೇನೆ. ಮಳೆ ಸಾಮಾನ್ಯವಾಗಿ ಬರುವುದಿಲ್ಲ, ಪಕ್ಕದ ಮನೆಯವರು ಸಾಮಾನ್ಯವಾಗಿ ನಗುತ್ತಾರೆ, ನಾನು ಮತ್ತೆ ಒಣಹಾಕುತ್ತೇನೆ. ವಿಜಯವಾಡದಲ್ಲಿ ಮೋಡ ಕವಿದ ದಿನ ಲಾಸ್ಯಳ ಫೋನು ಬರುತ್ತದೆ. ಇಷ್ಟು ವರ್ಷ ನನ್ನೊಡನೆ ತೆಲುಗಿನಲ್ಲಷ್ಟೇ ಆಡಿದ ಹುಡುಗಿ, ಪೀಠಿಕೆಯಿಲ್ಲದೆ ಕೇಳುತ್ತಾಳೆ: “ತಾತಾ, ಬಟ್ಟಿ ತಗದ್ರಿಲ್ಲೋ?”