ರಂಜಕದಲ್ಲಿದ್ದ ಉಪ್ಪು

2006ರ ಫೆಬ್ರುವರಿ 6, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಹಾವೇರಿಯ ನಮ್ಮ ನರ್ಸಿಂಗ್ ಶಾಲೆಯಲ್ಲಿ ರಕ್ತದೊತ್ತಡ ನೋಡುವ ಅಭ್ಯಾಸ. ನನ್ನ ಕೋಣೆಯ ಗೆಳತಿಯ ತೋಳಿಗೆ ಪಟ್ಟಿ ಸುತ್ತಿದೆ. ಮೇಲಿನ ಅಂಕಿ ನೂರಾ ನಲವತ್ತಾರು. ಮತ್ತೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು ಪರೀಕ್ಷಿಸಿ, ಬೇರೆ ತೊಂದರೆ ಕಾಣದೆ, “ಒಂದು ತಿಂಗಳು ಉಪ್ಪು ಕಡಿಮೆ ಮಾಡು. ಇಳಿಯದಿದ್ದರೆ ಗುಳಿಗೆ” ಎಂದರು.

ಗುಳಿಗೆಗಿಂತ ಅವಳಿಗೆ ಕಾಗಿನೆಲೆಯ ಮನೆಯವರದೇ ಭಯ. “ಗೊತ್ತಾದ್ರ ಕಾಗಿನೆಲಿಗೆ ಕರಕೊಂಡು ಹೋಗಿ ಕುಂದ್ರಸ್ತಾರ. ಕಲಿಯೂದು ಮುಗೀತಂತ ತಿಳ್ಕೋ.”

ಹಾಸ್ಟೆಲಿನ ಅಡುಗೆಯವರು ರಾಣೇಬೆನ್ನೂರಿನವರು. ಅವರನ್ನು ಒಪ್ಪಿಸಿ ಸಾರು, ಪಲ್ಯಕ್ಕೆ ಉಪ್ಪು ಅರ್ಧ ಮಾಡಿಸಿದೆ. ಊಟದ ಸಾಲಿನಲ್ಲಿ ಗದ್ದಲವೆದ್ದಿತು.

“ಅಕ್ಕಾರ, ಉಪ್ಪು ಮರತೀರೇನ್ರಿ?”

“ನಾ ಎಲ್ಲಿ ಮರೀಲಿ? ಡಬ್ಬಿ ಮುಂದ ಈಕಿ ಪೊಲೀಸನಂಗ ನಿಂತಾಳಲ್ಲ!”

ವಾರಕ್ಕೆರಡು ಸಲ ಒತ್ತಡ ನೋಡಿ ಬರೆದುಕೊಂಡೆ. ಎರಡು ವಾರವಾದರೂ ಇಳಿಯಲಿಲ್ಲ. ಒಮ್ಮೆ ನೂರಾ ನಲವತ್ತೆಂಟಕ್ಕೆ ಏರಿಯೂ ಇತ್ತು. ಆ ದಿನ ಅವಳ ತಟ್ಟೆಯನ್ನೇ ನೋಡುತ್ತ ಕುಳಿತೆ. ಸಪ್ಪೆ ಸಾರಿನ ಅನ್ನಕ್ಕೆ ಎರಡು ಚಮಚ ರಂಜಕ ಕಲಸಿಕೊಂಡಳು. ಹಣ್ಣುಮೆಣಸಿನಕಾಯಿ ರುಬ್ಬಿ, ಕೆಡದಿರಲೆಂದು ಉಪ್ಪು ಸುರಿದು ಅವಳ ಅವ್ವ ಮಾಡಿದ ಚಟ್ನಿ ಅದು. ಮೊದಲು ರೊಟ್ಟಿಯ ಅಂಚಿಗೆ ಒಂದಿಷ್ಟು ಸಾಕಾಗುತ್ತಿತ್ತು. ಈಗ ಇಡೀ ಸಾಲೇ ಆ ಡಬ್ಬಿಗೆ ಕೈ ಹಾಕುತ್ತಿತ್ತು. ಮನೆಯಿಂದ ಬಂದದ್ದನ್ನು ಹಂಚಿಕೊಂಡು ತಿನ್ನುವುದು ನಮ್ಮ ರೂಢಿ. ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ; ನಾನೂ ಹಿಡಿದಿರಲಿಲ್ಲ.

ಭಾನುವಾರ ಅವಳ ಅವ್ವ ಹೊಸ ಡಬ್ಬಿ ತಂದರು. ಅದರಲ್ಲಿನ ಉಪ್ಪಿನ ಮಾತು ನನ್ನಿಂದ ತಿಳಿದಿದ್ದ ಗೆಳತಿ ಅದನ್ನು ಮುಟ್ಟಲಿಲ್ಲ. ಅವ್ವ ಯಾಕೆಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟಳು.

“ಮನಿಗೆ ಕರಕೊಂಡು ಹೋಗ್ತಿ ಏನಬೇ?”

“ಯಾಕ? ಅಲ್ಲಿ ಬಿಪಿ ನೋಡಾಕ ನಾ ಕಲತೇನೇನು? ಇಲ್ಲೇ ಇರು. ಆದ್ರ ಉಪ್ಪಿಲ್ದಿದ್ರ ಇದು ನಾಕ ದಿನಕ್ಕ ಕೆಡತೈತಿ. ಸ್ವಲ್ಪ ಸ್ವಲ್ಪ ಮಾಡಿ ಕಳಸ್ತೀನಿ.”

ಬೆಳ್ಳುಳ್ಳಿ, ನಿಂಬೆರಸ, ಹುರಿದ ಎಳ್ಳು ಹಾಕಿದ ಉಪ್ಪಿಲ್ಲದ ಚಟ್ನಿ ಅವರ ಊರಿಗೆ ಹತ್ತಿರದ ಬ್ಯಾಡಗಿ ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರ ಕೈಯಲ್ಲಿ ಬರತೊಡಗಿತು. ತಿಂಗಳು ತುಂಬಿದಾಗ ಮೇಲಿನ ಅಂಕಿ ನೂರಾ ಮೂವತ್ತೆರಡು. ಗುಳಿಗೆ ಸದ್ಯಕ್ಕೆ ಬೇಡ, ಹೀಗೇ ನಡೆಸು ಎಂದರು ಡಾಕ್ಟರು. ಅಂದು ಮಧ್ಯಾಹ್ನ ಅವಳು ಮೂರು ರೊಟ್ಟಿ ತಿಂದು, ವಾರ್ಡಿಗೆ ನನಗಿಂತ ಮೊದಲೇ ಹೊರಟಳು.

ಉಪ್ಪು ಕಡಿಮೆ ಹಾಕಿಯೂ ರಂಜಕವನ್ನು ವಾರಗಟ್ಟಲೆ ಕೆಡದಂತೆ ಇಡುವ ಬಗೆ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಅವಳ ಅವ್ವ ಈಗಲೂ ವಾರಕ್ಕೆರಡು ಸಲ ರುಬ್ಬುತ್ತಿದ್ದಾರೆ.